ಚಿಗವ್ವನ ಗಂಟಿನ ಬಡ್ಡಿ

ಚಿಗವ್ವನಿಂದ ಬಾಡಿಗೆ ತೆಗೆದುಕೊಳ್ಳಕೂಡದು ಎಂದು ಹೆಂಡತಿ ಸುಜಾತಾ ಹೇಳಿದ ದಿನವೇ ಚಂದ್ರಮೋಹನನ ಹೊಟ್ಟೆಯಲ್ಲಿ ಉರಿ ಶುರುವಾಗಿತ್ತು. ಚಿಗವ್ವ ಅಂದರೆ ಅವಳ ಚಿಕ್ಕಮ್ಮ ಜಯಶೀಲಾ, ಹೊರದೇಶದ ಒಶಾವಾ ಊರಿನ ಅವನ ಮನೆಯ ಬೇಸ್‌ಮೆಂಟಿನಲ್ಲಿದ್ದರು. ಜೋಳದ ರೊಟ್ಟಿ ಬಡಿದು ಕನ್ನಡದ ಮನೆಗಳಿಗೆ ಮಾರಿ ಒಳ್ಳೆಯ ಗಂಟನ್ನೇ ಮಾಡಿಕೊಂಡಿದ್ದರು. ಬಾಡಿಗೆ ಕೊಡುತ್ತೇನೆಂದು ತಾವೇ ಮುಂದೆ ಬಂದಿದ್ದರು ಬೇರೆ.

“ನನ್ನ ಸಾಕಿದಾಕಿ ಕಡೆ ಬಾಡಿಗಿ ತಗೊಳ್ಳೂದಾ? ನಾಚಿಕಿ ಬರಂಗಿಲ್ಲೇನ್ರಿ ನಿಮಗ?” ಎಂದಳು ಸುಜಾತಾ.

ನಾಚಿಕೆ ಬಂತು, ಸುಳ್ಳೇಕೆ? ಆದರೆ ಮನೆಸಾಲದ ಕಂತಿನ ಮುಂದೆ ನಾಚಿಕೆ ಎಷ್ಟು ದಿನ ನಿಂತೀತು!

2018ರ ಬೇಸಿಗೆಯಲ್ಲಿ ಬ್ಯಾಂಕೊಂದು ಚಾಲ್ತಿ ಖಾತೆಗೂ ಭರ್ತಿ ಬಡ್ಡಿ ಕೊಡುತ್ತೇವೆಂದು ಜಾಹೀರಾತು ಹಾಕಿತು. ಮಿಕ್ಕವರು ದೊಡ್ಡಕ್ಷರ ನೋಡಿ ಸಹಿ ಹಾಕುತ್ತಾರೆ. ಚಂದ್ರಮೋಹನ ಅಂಥ ಪೆದ್ದನಲ್ಲ. ಊಟ ಬಿಟ್ಟು ಸಣ್ಣಕ್ಷರದ ಷರತ್ತುಗಳನ್ನೆಲ್ಲ ಓದಿದ. ತಿಂಗಳ ಪಗಾರ ಆ ಖಾತೆಗೇ ಬೀಳಬೇಕು. ಎರಡು ಬಿಲ್ಲು ಅಲ್ಲಿಂದಲೇ ಹೋಗಬೇಕು. ಖಾತೆಯ ಹಣ ಗೊತ್ತುಮಾಡಿದ ಮಟ್ಟಕ್ಕಿಂತ ಒಂದು ದಿನವೂ ಇಳಿಯಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಆ ತಿಂಗಳು ಬರುವುದು ಚಿಲ್ಲರೆ ಮಾತ್ರ. ಪಗಾರ ಅವನಿಗಿತ್ತು, ಬಿಲ್ಲುಗಳಿಗಂತೂ ಬರವಿರಲಿಲ್ಲ. ಇಲ್ಲದ್ದು ಗಂಟೊಂದೇ, ಅದು ಕೆಳಗೆ ರೊಟ್ಟಿ ಬಡಿಯುತ್ತಿತ್ತು.

“ಚಿಗವ್ವ, ನಿಮ್ಮ ರೊಕ್ಕ ಇಬ್ಬರ ಹೆಸರಿನ್ಯಾಗ ಇಡೋಣ್ರಿ. ನಾಳೆ ನಿಮಗ ಆರಾಮಿಲ್ಲಂದ್ರ ತಗ್ಯಾಕ ಒಬ್ಬರು ಬೇಕಲ್ರಿ?”

“ಬಡ್ಡಿ ಏನರ ಬರತದೇನ್ರಿ?”

“ಚಾಲ್ತಿ ಖಾತೆಗೆ ಎಲ್ಲಿ ಬಡ್ಡಿರಿ! ಊರಾಗ ಯಾರರ ಕೊಡ್ತಾರೇನು?”

ಚಿಗವ್ವ ತಲೆಯಾಡಿಸಿ ಆ ಬ್ಯಾಂಕಿನ ಜಂಟಿ ಖಾತೆಯ ಅರ್ಜಿಗೆ ಸಹಿ ಹಾಕಿದರು. ಅಷ್ಟು ಸಲೀಸಾಗಿ ನಂಬಿದರಲ್ಲ ಎಂದು ಅವನಿಗೇ ಕಸಿವಿಸಿಯಾಯಿತು.

ಆಮೇಲೆಲ್ಲ ಅವನು ಅಂದುಕೊಂಡಂತೆಯೇ ನಡೆಯಿತು. ತಿಂಗಳ ಮೊದಲಿಗೆ ಬಡ್ಡಿ ಬೀಳುತ್ತಿತ್ತು. ಅವತ್ತೇ ಅದನ್ನು ತನ್ನ ಹಳೆಯ ಖಾತೆಗೆ ಎಳೆದುಕೊಳ್ಳುತ್ತಿದ್ದ. ತನ್ನ ಪಗಾರವನ್ನೂ ಖರ್ಚಿಗೆ ತೆಗೆದ ಮೇಲೆ ಚಿಗವ್ವನಿಗೆ ಫೋನು ತೋರಿಸಿ, “ನೋಡ್ರಿ, ಒಂದು ಪೈಸಾ ಕಡಿಮಿ ಆಗಿಲ್ಲ” ಅನ್ನುತ್ತಿದ್ದ. ಅದೇನು ಸುಳ್ಳಲ್ಲವಲ್ಲ! ಅಸಲು ಹಾಗೇ ಇದ್ದ ಮೇಲೆ ಇದು ಕಳವು ಹೇಗಾದೀತು? ಸಿಗದ ಬಾಡಿಗೆ ಬೇರೆ ದಾರಿಯಿಂದ ಬಂತು, ಅಷ್ಟೇ. ಹೀಗೆಲ್ಲ ಸಮಾಧಾನ ಮಾಡಿಕೊಂಡರೂ ಥೂ ನನ್ನ ಜನ್ಮಕ್ಕೆ ಅಂದುಕೊಳ್ಳುತ್ತಿದ್ದ. ಸುಜಾತಾಗೆ ಗೊತ್ತಾದರೆ ಆ ಮನೆಯಲ್ಲಿ ಮತ್ತೆ ತಲೆಯೆತ್ತಿ ಓಡಾಡುವ ಹಾಗಿರಲಿಲ್ಲ. ಮುಂದಿನ ತಿಂಗಳು ಮತ್ತೆ ಎಳೆದುಕೊಳ್ಳುತ್ತಿದ್ದ.

ಮರುವರ್ಷ ಅವನು ದುಡಿಯುತ್ತಿದ್ದ ಕಾರಿನ ಬಿಡಿಭಾಗಗಳ ಕಾರ್ಖಾನೆ ಅವನ ಶಿಫ್ಟನ್ನೇ ನಿಲ್ಲಿಸಿತು. ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಬುತ್ತಿ ಕಟ್ಟಿಸಿಕೊಂಡು ಹೊರಟು, ಸರೋವರದ ದಂಡೆಯಲ್ಲಿ ಕಾರಿನಲ್ಲೇ ಕೂತಿದ್ದು, ಸಂಜೆ ದಣಿದವನ ಹಾಗೆ ಬರುತ್ತಿದ್ದ. ಪಗಾರ ಬೀಳಲಿಲ್ಲ, ಷರತ್ತು ತಪ್ಪಿತು, ಬಡ್ಡಿ ಚಿಲ್ಲರೆಗೆ ಇಳಿಯಿತು. ಹೋದರೆ ಹೋಗಲಿ, ಯಾರಿಗೆ ಗೊತ್ತಾಗಬೇಕು ಎಂದುಕೊಂಡ.

ಆ ಚಿಲ್ಲರೆ ಬಡ್ಡಿ ಬಿದ್ದ ಸಂಜೆ ಸುಜಾತಾ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಚಿಗವ್ವ ಅವನಿಗೆ ಬಡಿಸಿ ಎದುರಿಗೆ ಕೂತರು.

“ಚಂದ್ರಮೋಹನ್ರ, ಈ ಸಲ ಬಡ್ಡಿ ಭಾಳ ಕಡಿಮಿ ಬಂದದ. ಪಗಾರ ಬಿದ್ದಿಲ್ಲಂತ. ಕೆಲಸ ಹೋತೇನ್ರಿ?”

 ಖಾತೆ ತೆರೆಯುವಾಗ ಅವನು ಎಲ್ಲವನ್ನೂ ಯೋಚಿಸಿದ್ದ, ಹೆಸರು ಬರೆಯುವುದೊಂದನ್ನು ಬಿಟ್ಟು. ಲಗ್ನಪತ್ರಿಕೆಯಲ್ಲಿ ಬರೆಯುವಂತೆ, ಹಿರಿಯರ ಹೆಸರು ಮೊದಲು ಎಂದು ಕೈ ತಾನಾಗಿ ಚಿಗವ್ವನ ಹೆಸರನ್ನೂ ನಂಬರನ್ನೂ ಮೇಲೆ ಬರೆದಿತ್ತು. ಬ್ಯಾಂಕು ಮೆಸೇಜು ಕಳಿಸುವುದು ಮೊದಲ ಹೆಸರಿನವರಿಗೆ. “ಮೊದಲನೇ ತಿಂಗಳಿಂದನೂ ಮೆಸೇಜು ಬರತಾವ್ರಿ. ನನಗೆಲ್ಲಿ ಇಂಗ್ಲಿಷು? ರೊಟ್ಟಿಗೆ ಬರೋ ಕಾಲೇಜಿನ ಹುಡುಗಿ ನೇತ್ರಾ ಓದಿ ಹೇಳ್ತಾಳ,” ಎಂದರು ಚಿಗವ್ವ, ಅವನ ಮುಖ ನೋಡದೆ. “ಬಾಡಿಗಿ ಅಂತೂ ನೀವು ತಗೊಳ್ಳಿಲ್ಲ. ಹಿಂಗರ ಮುಟ್ಲಿ ಅಂತ ಸುಮ್ಮನಿದ್ದೆ. ಸುಜಾತಾಗ ಏನೂ ಹೇಳಿಲ್ರಿ. ಈ ತಿಂಗಳ ಮನಿ ಖರ್ಚಿಗೆ ಎಷ್ಟು ಬೇಕು, ಅಸಲಿನ್ಯಾಗ ತಗೋರಿ.”