ಕದಡಿದ ಮುದ್ರೆ

"ಹೆಬ್ಬೆರಳು ಸಡಿಲ ಬಿಡಿ. ನಾನೇ ಒತ್ತಿಸ್ತೀನಿ," ಎಂದ ನೋಟರಿ ಗಾರೋ.

ಅರಾಕ್ಸಿ ಬೆರಳನ್ನೇನೋ ಸಡಿಲ ಬಿಟ್ಟಳು, ಎದೆಬಡಿತ ಮಾತ್ರ ಅವಳ ಮಾತು ಕೇಳಲಿಲ್ಲ. ಅವನು ಅವಳ ಹೆಬ್ಬೆರಳನ್ನು ಮಸಿಗೆ ತಾಗಿಸಿ, ತನ್ನ ದಪ್ಪ ಪುಸ್ತಕದಲ್ಲಿ ಅವಳ ಸಹಿಯ ಪಕ್ಕ ಒತ್ತಿಸಿದ. ಕ್ಯಾಲಿಫೋರ್ನಿಯಾದಲ್ಲಿ ಮನೆಪತ್ರಕ್ಕೆ ನೋಟರಿಯ ಎದುರು ಹೆಬ್ಬೆಟ್ಟು ಒತ್ತಲೇಬೇಕು. ಆದರೆ ಒತ್ತಿಸಿದವನ ಕಿವಿ ಕೆಂಪಾಗಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ.

ಫ್ರೆಸ್ನೋದ ಆ ಮನೆಯನ್ನು ಅಮ್ಮ ಬದುಕಿದ್ದಾಗಲೇ ಟ್ರಸ್ಟಿಗೆ ಸೇರಿಸಿದ್ದರು. ತಮ್ಮ ನಂತರ ಟ್ರಸ್ಟಿನ ಹೊಣೆಯೂ ಅರಾಕ್ಸಿಗೆ, ಮನೆಯೂ ಅವಳಿಗೇ ಎಂದು ಬರೆಸಿದ್ದರು. ಅವರು ಹೋಗಿ ಐದು ತಿಂಗಳಾಗಿತ್ತು. ಈಗ ಟ್ರಸ್ಟಿನ ಪರವಾಗಿ ಸಹಿ ಹಾಕಿ, ಅವಳೇ ಮನೆಯನ್ನು ತನ್ನ ಹೆಸರಿಗೆ ಬರೆದುಕೊಳ್ಳಬೇಕಿತ್ತು.

"ಬಲಗೈಯಿಂದ ಎಡಗೈಗೆ ಕೊಡೋಕೆ ಇಷ್ಟೊಂದು ಕಾಗದಾನಾ?" ಎಂದು ಚಿಕ್ಕಮ್ಮ ಜಾಬೆಲ್ ಗೊಣಗುತ್ತ ಒಲೆಯ ಮೇಲೆ ಸೋಸದ ಕಾಫಿ ಇಟ್ಟರು. "ಕುಡಿದು ಬಟ್ಟಲು ಬೋರಲು ಹಾಕಪ್ಪ. ತಳದಲ್ಲಿ ಉಳಿದ ಗಸಿ ನೋಡಿ ನಿನ್ನ ಹಣೇಬರಹ ಹೇಳ್ತಾಳೆ ನಮ್ಮ ಹುಡುಗಿ. ಅವಳಮ್ಮನ ವಿದ್ಯೆ."

"ಬೇಡ ಚಿಕ್ಕಮ್ಮ." ಅವನು ಮುದ್ರೆ ಒತ್ತಿ, ಚೀಲ ಕಟ್ಟಿ ಎದ್ದುಬಿಟ್ಟ.

ಚರ್ಚಿನ ಅಡುಗೆಮನೆಯಲ್ಲಿ ಎರಡು ವರ್ಷ ಅವಳ ಪಕ್ಕದಲ್ಲೇ ನಿಂತು ದ್ರಾಕ್ಷಿ ಎಲೆಯಲ್ಲಿ ಅನ್ನ ತುಂಬಿ ಸುತ್ತಿದವನು, "ನೀನು ಸುತ್ತಿದ್ದು ದಿಂಬಿನ ಥರ ಇದೆ" ಎಂದು ಛೇಡಿಸಿದವನು, ಮನೆಗೆ ಬಂದರೆ "ನೀವು" ಅನ್ನುತ್ತಾನೆ! ಒಂದು ಗುಟುಕು ಕಾಫಿಯನ್ನೂ ಮುಟ್ಟುವುದಿಲ್ಲ! ಅರಾಕ್ಸಿಗೆ ಅಳುವೇ ಬಂದಂತಾಯಿತು.

ಹತ್ತು ದಿನಕ್ಕೆ ಕೌಂಟಿಯ ನೋಂದಣಿ ಕಚೇರಿಯಿಂದ ಮನೆಪತ್ರ ವಾಪಸ್ಸು ಬಂತು. ನೋಟರಿಯ ಮುದ್ರೆ ಕದಡಿದೆ, ಅಕ್ಷರ ಓದಲಾಗುತ್ತಿಲ್ಲ, ಮತ್ತೆ ಮಾಡಿಸಿ ಎಂದಿತ್ತು. ಕೋಪಿಸಿಕೊಳ್ಳಬೇಕಾದವಳು ಕನ್ನಡಿ ಮುಂದೆ ನಿಂತು ತಲೆ ಬಾಚಿಕೊಂಡಳು. ಅವನು ಇನ್ನೊಮ್ಮೆ ಬರಲೇಬೇಕಲ್ಲ!

"ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡ್ತಿದೀಯಂತೆ," ಎಂದರು ಜಾಬೆಲ್, ಮತ್ತೆ ಬಂದು ಕೂತ ಗಾರೋಗೆ. "ಇವತ್ತಾದ್ರೂ ಕಾಗದ ನೋಡ್ಕೊಂಡು ಒತ್ತು. ಮುದ್ರೆ ಒತ್ತಬೇಕಾದ್ದು ಅವಳ ಮುಖದ ಮೇಲಲ್ಲ."

ಗಾರೋ ತಲೆ ಎತ್ತಲಿಲ್ಲ. ಮತ್ತೆ ಹೆಬ್ಬೆರಳು, ಮತ್ತೆ ಮಸಿ. ಈ ಸಲ ಉಸಿರು ಬಿಗಿಹಿಡಿದು ಒತ್ತಿದ ಮುದ್ರೆ ಅಚ್ಚುಕಟ್ಟಾಗಿ ಮೂಡಿತು. ಕಾಫಿ ಈ ಸಲವೂ ಬೇಡವೆಂದ. ಗೇಟು ಮುಚ್ಚಿದ ಸದ್ದಾದಾಗ ಅರಾಕ್ಸಿಗೆ ಅನ್ನಿಸಿತು: ಮುಗಿಯಿತು, ಇನ್ನು ಅವನಿಗೆ ಇಲ್ಲಿಗೆ ಬರಲು ನೆಪವೇ ಇಲ್ಲ.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ, ನೋಂದಣಿಯಾದ ಪತ್ರ ಅಂಚೆಯಲ್ಲಿ ಬಂತು. ಮನೆ ಅವಳದಾಯಿತು. ಅಮ್ಮನ ಹೆಸರಿನ ಮೇಲೆ ಬೆರಳಾಡಿಸಿ, ಅತ್ತು, ಹಗುರಾದಳು. ಆಮೇಲೆ ಗಾರೋಗೆ "ಪತ್ರ ಬಂತು, ಥ್ಯಾಂಕ್ಸ್" ಎಂದಷ್ಟೇ ಮೆಸೇಜು ಕಳಿಸಿದಳು.

ಇಪ್ಪತ್ತು ನಿಮಿಷಕ್ಕೆ ಬಾಗಿಲಲ್ಲಿ ಅವನು. ಕೈಯಲ್ಲಿ ಚೀಲವಿಲ್ಲ, ಪುಸ್ತಕವಿಲ್ಲ.

"ಕಾಫಿ ಇದೆಯಾ?"

"ಈಗ ಬೇಕಾಯ್ತಾ?" ಎನ್ನುತ್ತ ಅವಳು ಅಡುಗೆಮನೆಗೆ ನಡೆದು ಕಾಫಿಪುಡಿಯ ಚಮಚ ಕೈಗೆತ್ತಿಕೊಂಡಳು.

"ಅರಾಕ್ಸಿ, ನೋಟರಿಗೆ ತಾನು ಮುದ್ರೆ ಹಾಕೋ ಕಾಗದದಿಂದ ಏನೂ ಸಿಗೋ ಹಾಗಿರ್ಬಾರ್ದು. ನಿನ್ನನ್ನ ಮದ್ವೆ ಆಗೋ ಆಸೆ ಇಟ್ಕೊಂಡು, ನಿನ್ನ ಮನೆ ಪತ್ರಕ್ಕೆ ಮುದ್ರೆ ಹಾಕ್ತಾ, ನಿನ್ನ ಅಡುಗೆಮನೇಲಿ ಹೆಂಗೆ ಕಾಫಿ ಕುಡೀಲಿ?"

ಅವಳ ಕೈಯ ಚಮಚ ಕೆಳಗೆ ಬಿತ್ತು. "ಆಸೆ ಇಟ್ಕೊಳ್ಳೋದೂ ಕಾನೂನಿಗೆ ವಿರುದ್ಧಾನಾ?"

"ಕಾನೂನಿಗಲ್ಲ. ನನ್ನ ಮನಸ್ಸು ಒಪ್ಲಿಲ್ಲ."

"ಪೆದ್ದ! ನಂಗಿಲ್ಲಿ ನಿದ್ದೆ ಇಲ್ಲ, ಇವನಿಗೆ ಧರ್ಮಸೂಕ್ಷ್ಮ! ಬೇರೆ ನೋಟರೀನ ಕಳಿಸಬಹುದಿತ್ತಲ್ಲ?"

"ಕಳಿಸಿದ್ರೆ ನಿನ್ನ ಹೆಬ್ಬೆರಳು ಅವನು ಹಿಡೀತಿದ್ದ."

ಅವಳು ನಕ್ಕುಬಿಟ್ಟಳು. ಎಷ್ಟೋ ದಿನದಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. "ಅದಕ್ಕೇನಾ ಮೊದಲ್ನೇ ಸಲ ಮುದ್ರೆ ಕದಡಿದ್ದು?"

"ಕೈ ನಡುಗ್ತು." ಅವನು ತಲೆ ಕೆರೆದುಕೊಂಡ. "ಒಪ್ಪಿದ್ರೆ ಹೇಳು. ಇನ್ಮೇಲೆ ಮನೆ ಕಾಗದಕ್ಕೆ ಬೇರೆ ನೋಟರಿ ಹುಡುಕ್ಕೋಬೇಕಾಗುತ್ತೆ."

ಅವಳು ಕಾಫಿ ಬಗ್ಗಿಸಿದಳು. ಅವನು ಬಿಸಿಬಿಸಿಯಾಗಿಯೇ ಕುಡಿದು, ತಾನೇ ಬಟ್ಟಲನ್ನು ಬೋರಲು ಹಾಕಿದ. ತಣ್ಣಗಾಗುವವರೆಗೂ ಇಬ್ಬರೂ ಅದನ್ನೇ ನೋಡುತ್ತ ಕೂತರು. ಆಮೇಲೆ ಅರಾಕ್ಸಿ ಬಟ್ಟಲನ್ನೆತ್ತಿ, ಅಮ್ಮನ ಹಾಗೆ ಹುಬ್ಬು ಗಂಟಿಕ್ಕಿದಳು.

"ಏನಂತೆ?"

"ಇದೂ ಕದಡಿದೆ, ಓದೋಕಾಗ್ತಿಲ್ಲ," ಎಂದು ತನ್ನ ಹೆಬ್ಬೆರಳನ್ನು ಅವನ ಅಂಗೈಯಲ್ಲಿ ಇಟ್ಟಳು. "ನಾಳೆ ಮತ್ತೆ ಬರ್ಬೇಕು ನೀನು. ದಿನಾ ಬರ್ಬೇಕು."