ಬಳೆ ಸರಿಸಿದ ಕೈ

ಶೇಖವ್ವನ ಮಣಿಕಟ್ಟಿಗೆ ಜೆಲ್ ಹಚ್ಚಿ ಪ್ರೋಬನ್ನು ಸರಿಸುತ್ತಿದ್ದ ಡಾಕ್ಟರ್ ನೀಲಾಂಬಿಕಾ ತಟ್ಟನೆ ನಿಲ್ಲಿಸಿದಳು. ಸ್ಕ್ಯಾನಿಂಗ್ ಪರದೆಯಲ್ಲಿ ನರ ಊದಿಕೊಂಡಿತ್ತು. ಅಲ್ಲಿಂದ ಮುಂದೆ ಹಿಸುಕಿದಂತೆ ಚಪ್ಪಟೆಯಾಗಿತ್ತು.

ಅಂದರೆ ಶೇಖವ್ವ ನಾಟಕವಾಡುತ್ತಿರಲಿಲ್ಲ.

ಪೀಣ್ಯದ ಮೋಟಾರು ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತುವವಳು ಅವಳು. ಮಣಿಕಟ್ಟಿನಿಂದ ಅಂಗೈವರೆಗೆ ನರವನ್ನು ಒತ್ತುತ್ತಿದ್ದ ಗಟ್ಟಿ ಪಟ್ಟಿಯನ್ನು ಸರ್ಜನ್ ಬಾಲಾಜಿ ಕತ್ತರಿಸಿ ಆರು ತಿಂಗಳಾದರೂ ಬೆರಳುಗಳ ಜೋಮು ಹೋಗಿರಲಿಲ್ಲ. ಇದೆಲ್ಲ ನಾಟಕ, ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ ಕೆಲಸಕ್ಕೆ ಬರಲೇಬೇಡ ಎಂದಿದ್ದ ಮ್ಯಾನೇಜರು.

ಆಪರೇಷನ್ ಗಾಯದ ಕಲೆ ಒಳಗೆ ನರಕ್ಕೆ ಅಂಟಿಕೊಂಡಿರಬೇಕು, ಹಾಗೇ ಬರೆದುಬಿಡಿ ಎಂದು ಬಾಲಾಜಿ ಬೆಳಿಗ್ಗೆಯೇ ಫೋನು ಮಾಡಿದ್ದರು. ನೀಲಾಂಬಿಕಾಳ ಸೆಂಟರಿಗೆ ಬರುವ ಅರ್ಧ ರೋಗಿಗಳು ಅವರು ಕಳಿಸಿದವರೇ.

ಮೊದಲು ಕಲೆಯನ್ನೇ ನೋಡಿದಳು. ಬೆರಳು ಮಡಚಲು ಹೇಳಿದಳು. ಕಲೆಯ ಕೆಳಗೆ ನರ ಸಲೀಸಾಗಿ ಜಾರಿತು. ಬೆರಳು ಎಳೆಯುವ ನಾರುಗಳಲ್ಲೂ ಊತವಿರಲಿಲ್ಲ. ಅಂಗೈಯಲ್ಲಿ ಪಟ್ಟಿ ತುಂಡಾಗಿತ್ತು. ಮಣಿಕಟ್ಟಿನ ಬಳಿ ಅದೇ ಪಟ್ಟಿ ಇಡಿಯಾಗಿ, ಬಿಗಿಯಾಗಿ ಕೂತಿತ್ತು.

ಅರ್ಧಕ್ಕೇ ಯಾಕೆ ನಿಲ್ಲಿಸಿದರು?

*

ಜೆಲ್ ಒರೆಸುವಾಗ ಕಣ್ಣಿಗೆ ಬಿತ್ತು. ಶೇಖವ್ವ ತನ್ನ ಹಸಿರು ಬಳೆಗಳನ್ನು ಮೊಣಕೈಯತ್ತ ತಳ್ಳಿ, ಎಡಗೈಯಲ್ಲಿ ಭದ್ರವಾಗಿ ಹಿಡಿದೇ ಇದ್ದಳು.

"ಆಪರೇಷನ್ ದಿನಾನೂ ಬಳೆ ಇತ್ತಾ?"

ಶೇಖವ್ವ ತಲೆ ತಗ್ಗಿಸಿದಳು. "ಕೈ ಬಾತಿತ್ರಿ, ಹೊರಗ ಬರಲಿಲ್ಲ. ಒಡೀತೀನಿ ಅಂದ್ಲು ನರ್ಸಮ್ಮ. ಗಂಡ ಇದ್ದಾಕಿ, ಹೆಂಗ ಒಡಸ್ಕೊಳ್ಳಲಿ? ಮ್ಯಾಲ ಸರಿಸಿ, ಅಲ್ಲಿಂದ ಅಂಗೈ ತನಕ ಬಟ್ಟಿ ಸುತ್ತಿದ್ರು. ನಂದೇ ತಪ್ಪಲ್ಲೇನ್ರಿ?"

*

ಬಾಲಾಜಿಗೆ ಫೋನು ಮಾಡಿದಾಗ ನೀಲಾಂಬಿಕಾಳ ದನಿ ಏರಲಿಲ್ಲ. ಕಲೆ ಅಂಗೈಯಲ್ಲೇ ಮುಗಿಯುತ್ತದೆ, ಮಣಿಕಟ್ಟು ಬಟ್ಟೆಯೊಳಗಿತ್ತು, ನೀವು ಕಂಡಷ್ಟೇ ಕತ್ತರಿಸಿದ್ದೀರಿ ಎಂದಳು.

ಆ ಕಡೆ ಬಾಲಾಜಿ ದನಿ ತಗ್ಗಿಸಿದರು.

"ಆಗ್ಲೇ ಗೊತ್ತಾಗಿತ್ತು ಕಣ್ರೀ. ಬಟ್ಟೆ ಬಿಚ್ಚಿಸ್ಬೇಕಿತ್ತು. ಹೊರಗೆ ಜನ ಕಾಯ್ತಿದ್ರು. ಇನ್ನೊಂದ್ಸಲ ನಾನೇ ಮಾಡ್ಕೊಡ್ತೀನಿ. ನೀವು ಕಲೆ ಅಂತಲೇ ಬರೆದು ನನಗೆ ಕಳ್ಸಿ."

"ನೋಡ್ತೀನಿ ಸಾರ್."

ಒಳಗೆ ಬಂದು ಶೇಖವ್ವನ ಬಳೆಗಳನ್ನು ತಾನೇ ಮೆಲ್ಲಗೆ ಕೆಳಗಿಳಿಸಿದಳು. "ತಪ್ಪು ಬಳೇದಲ್ಲ, ನಿಮ್ಮದೂ ಅಲ್ಲ. ಕತ್ತರಿಸೋರು ಅರ್ಧಕ್ಕೇ ಬಿಟ್ಟಿದ್ದಾರೆ. ಈ ಸಲ ಬಟ್ಟೆ ಬಿಚ್ಚಿ ನೋಡೋ ಡಾಕ್ಟರ ಹತ್ರ ಕಳಿಸ್ತೀನಿ."

ಕಂಡದ್ದನ್ನು ಕಂಡಂತೆ ಟೈಪು ಮಾಡಿ ಚಿತ್ರ ಸೇರಿಸಿದಳು. ರೋಗಿಯನ್ನು ಕಳಿಸಿದ ಡಾಕ್ಟರ ಹೆಸರಿನ ಲಕೋಟೆಯಲ್ಲಿ ವರದಿಯ ಹಾಳೆ ಹಾಕಿ, ಅಂಟಿಸಿ ಕಳಿಸುವುದು ವಾಡಿಕೆ. ಬಾಲಾಜಿ ಹೆಸರಿನ ಖಾಲಿ ಲಕೋಟೆಯನ್ನು ಮೇಜಿನ ಖಾನೆಗೆ ಹಾಕಿ, ಹಾಳೆಯನ್ನು ಬಿಡಿಯಾಗಿ ಶೇಖವ್ವನ ಕೈಗಿತ್ತಳು. ಮ್ಯಾನೇಜರಿಗೆ ಇದನ್ನೇ ತೋರಿಸಿ ಎಂದಳು.

ಇನ್ನು ಮುಂದೆ ಎಲ್ಲರ ಹಾಳೆಯೂ ಹೀಗೇ ಅವರವರ ಕೈಗೇ. ಬಾಲಾಜಿ ರೋಗಿಗಳನ್ನು ಕಳಿಸದೆ ಸೆಂಟರು ಅರ್ಧ ಖಾಲಿಯಾದರೆ ಆಗಲಿ ಎಂದುಕೊಂಡಳು. ಪ್ರೋಬ್ ಒರೆಸಿಟ್ಟು ಮುಂದಿನವರನ್ನು ಕರೆದಳು.