ಮುಂದೆ ಓಡಿದ ಹತ್ತು ನಿಮಿಷ

ಹತ್ತು ನಿಮಿಷದ್ದೆಂದು ಗುರುತಾಗಿದ್ದ ಧ್ವನಿಮುದ್ರಣ ಒಂದು ನಿಮಿಷ ತುಂಬುವ ಮೊದಲೇ ಮುಗಿದುಹೋಯಿತು.

ಹಿಲ್ಲೆವಿ ಮತ್ತೆ ಹಾಕಿ ಕೇಳಿದಳು. ಗುಂಡಿ ಒತ್ತಿದ ಸದ್ದು. ಮುದುಕ ಆರ್ನೆಯ ಏದುಸಿರು. ಹಿಂದೆ ರೇಡಿಯೊದಲ್ಲಿ ಕರಾವಳಿಯ ಊರೂರಿನ ಹವಾಮಾನ — ಕೋಟ್ಕಾ, ಹಾಂಕೊ, ಉಟೊ — ತಡವರಿಸದೆ ಓದುತ್ತಿದ್ದ ಹೆಂಗಸು. ಕೊನೆಗೆ ತಂಗಿ ತೈಮಿಯ ದನಿ: "ಆರ್ನೆ, ನಾನಿದ್ದೀನಿ. ಆಂಬುಲೆನ್ಸ್ ಹೊರಡ್ತಿದೆ. ಕೇಳಿಸ್ತಿದೆಯಾ?"

ಅಷ್ಟೇ. ನಡುವೆ ಕತ್ತರಿಸಿದ್ದರೆ ಹವಾಮಾನದ ಓದು ಎಲ್ಲಾದರೂ ಹಾರಬೇಕಿತ್ತು. ಹಾರಿರಲಿಲ್ಲ. ಹಾಗಾದರೆ ಹತ್ತು ನಿಮಿಷ ಎಲ್ಲಿಂದ ಬಂತು?

ಒಂಟಿ ಮುದುಕರ ಮಣಿಕಟ್ಟಿನ ಗುಂಡಿ ಒತ್ತಿದರೆ ಓಗೊಡುವುದು ತೈಮಿಯ ಕೆಲಸವಾಗಿತ್ತು. ಆರ್ನೆ ಒತ್ತಿದ ಹತ್ತು ನಿಮಿಷದ ಮೇಲೆ ಅವಳು ಓಗೊಟ್ಟಳೆಂದು ಯಂತ್ರ ಹೇಳಿತು. ಮುದುಕ ಸತ್ತಿದ್ದ. ನಿದ್ದೆ ಹೋಗಿದ್ದಳೆಂದು ವಿಚಾರಣೆಯವರು ತೀರ್ಮಾನಿಸಿದರು. ಕೆಲಸ ಹೋಯಿತು. ಆರ್ನೆಯ ಮಗಳು ಮಿರ್ಯಾ ಅಂಗಡಿಯ ಮುಂದೆ, ನಾಲ್ಕು ಜನರ ಎದುರು, ತೈಮಿಯ ಮುಖಕ್ಕೆ ಉಗಿದಳು. ಆ ಮಿರ್ಯಾಳೇ ವಾರಸುದಾರಳಾಗಿ ಪಡೆದ ಧ್ವನಿಮುದ್ರಣ ಇದು. ಅಪ್ಪನ ನರಳಾಟ ಕೇಳಲು ಎದೆ ಸಾಲದೆ ಮೂಲೆಗೆಸೆದಿದ್ದಳು; ಹಿಲ್ಲೆವಿ ಬೇಡಿದಾಗ ತೆಗೆದುಕೊಟ್ಟಿದ್ದಳು. ವಿಚಾರಣೆಯವರೂ ಶುರುವಿನ, ಕೊನೆಯ ಹೊತ್ತು ನೋಡಿದರೇ ಹೊರತು ಕಿವಿಗೊಟ್ಟಿರಲಿಲ್ಲ.

ಹಿಲ್ಲೆವಿಯ ಹೊಟ್ಟೆ ಉರಿಸಿದ್ದು ಬೇರೆ. ತೈಮಿಯೇ ಅದನ್ನು ನಂಬಿಬಿಟ್ಟಿದ್ದಳು. "ಕಣ್ಣು ಮುಚ್ಚಿರಬೇಕು ಅಕ್ಕಾ. ಯಂತ್ರ ಯಾಕೆ ಸುಳ್ಳು ಹೇಳುತ್ತೆ? ನಾನೇ ಕೊಂದೆ," ಎನ್ನುತ್ತಾ ಪರದೆ ಎಳೆದುಕೊಂಡು ಕೂತವಳು ಮನೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ. ಇದನ್ನು ಮಾಡಿದವನ ಹುಟ್ಟಡಗಿಸದೆ ಬಿಡುವುದಿಲ್ಲ — ಹಿಲ್ಲೆವಿ ಹಲ್ಲು ಕಚ್ಚಿಕೊಂಡಳು. ಇಂಥ ಯಂತ್ರಗಳ ಒಳಹೊರಗು ಅವಳಿಗೆ ಗೊತ್ತಿತ್ತು. ಅವಳ ಹೊಟ್ಟೆಪಾಡೂ ಅದೇ.

ಮರುದಿನವೇ ಆ ಕರೆಗಳ ಯಂತ್ರವಿದ್ದ ಯಂತ್ರಶಾಲೆಗೆ ಹೋದಳು. ಹಿಂದೆ ಕಾಗದದ ಕಾರ್ಖಾನೆಯಾಗಿದ್ದ ಕಟ್ಟಡ; ಈಗ ಒಳಗೆಲ್ಲ ಕಂಪ್ಯೂಟರುಗಳ ಸಾಲು. ಒಡತಿ ಸಿಲ್ವಿ ಧ್ವನಿಮುದ್ರಣ ಕೇಳಿ ಬೆಪ್ಪಾದಳು.

"ಇದು ಹೇಗೆ ಸಾಧ್ಯ?"

"ನಿಮ್ಮ ಕರೆಗಳನ್ನ ನೋಡ್ಕೊಳ್ಳೋದು ಕಬ್ಬಿಣದ ಯಂತ್ರ ಅಲ್ಲ. ವರ್ಚುವಲ್ ಮಷಿನ್. ದೊಡ್ಡ ಕಂಪ್ಯೂಟರಿನ ಹೊಟ್ಟೇಲಿ ಬಾಡಿಗೆಗಿರೋ ಕಂಪ್ಯೂಟರ್. ಕೆಲಸ ನಿಲ್ಲಿಸದೆ ಅದನ್ನ ಇನ್ನೊಂದು ಕಂಪ್ಯೂಟರಿಗೆ ಸಾಗಿಸಬಹುದು — ಮಲಗಿದವನನ್ನ ಹಾಸಿಗೆ ಸಮೇತ ಪಕ್ಕದ ಮನೆಗೆ ಹೊತ್ಕೊಂಡು ಹೋದ ಹಾಗೆ. ಎದ್ದವನು ಹೊಸ ಮನೆ ಗೋಡೆ ಗಡಿಯಾರ ನೋಡಿ ತನ್ನ ಕೈಗಡಿಯಾರ ತಿರುಗಿಸ್ಕೋತಾನೆ. ಆರ್ನೆ ಗುಂಡಿ ಒತ್ತಿದ್ದಕ್ಕೂ ತೈಮಿ ಓಗೊಟ್ಟಿದ್ದಕ್ಕೂ ನಡುವೆ ಹೀಗೆ ಸಾಗಿಸಿ, ಆ ಗೋಡೆ ಗಡಿಯಾರವೇ ಹತ್ತು ನಿಮಿಷ ಮುಂದಿದ್ರೆ?"

"ಹಗಲು ಹೊತ್ತು ಸಾಗಿಸಬಾರದು ಅಂತ ನಿಯಮ ಇದೆ. ಅವತ್ತು ಸಾಗಿಸಿದ್ದಕ್ಕೆ ಗುರುತೇ ಇಲ್ಲ."

"ಗುರುತು ಅಳಿಸೋ ಅಧಿಕಾರ ಯಾರ್ಯಾರಿಗಿದೆ?"

"ಇಬ್ಬರಿಗೇ. ಓಸ್ಮೊ. ಮತ್ತೆ... ರೇಕೊ."

ಓಸ್ಮೊ ತೈಮಿಯ ಮಾಜಿ ಗಂಡ. ಮೂಗಿನ ತುದಿಯಲ್ಲೇ ಕೋಪ. ಬಿಟ್ಟು ಹೋದ ಹೆಂಡತಿಯ ಮೇಲೆ ಕತ್ತಿ ಮಸೆಯುತ್ತಿದ್ದುದು ಊರಿಗೇ ಗೊತ್ತು. ರೇಕೊ ಯಂತ್ರಶಾಲೆಯ ಮುಖ್ಯಸ್ಥ. ಹಿಲ್ಲೆವಿಗೆ ಈ ವಿದ್ಯೆ ಹೇಳಿಕೊಟ್ಟ ಗುರು. ವಿಚಾರಣೆಯಲ್ಲಿ ಯಂತ್ರದ ಹೊತ್ತನ್ನು ಓದಿ ಹೇಳಿದವನೂ ಅವನೇ. ಓಸ್ಮೊನೇ ಆಗಿರಲಿ ಎಂದು ಅವಳು ಮನಸಾರೆ ಬಯಸಿದಳು. ಅವನ ಕತ್ತು ಹಿಸುಕಲು ಅವಳಿಗೆ ಒಂದಿಷ್ಟೂ ಸಂಕೋಚವಿರಲಿಲ್ಲ.

ಕಂಪ್ಯೂಟರಿನ ಮುಂದೆ ಕೂತಿದ್ದ ಓಸ್ಮೊ ತಲೆ ಎತ್ತಲೇ ಇಲ್ಲ. "ಬಂದೆಯಾ? ಬರ್ತೀಯ ಅಂತ ಗೊತ್ತಿತ್ತು ಕಣೇ."

"ಅವತ್ತು ಮಷಿನ್ ಸಾಗಿಸಿದ್ದು ನೀನಾ?"

"ಅಲ್ಲ."

"ತೈಮಿ ಹಾಳಾಗ್ಲಿ ಅಂತ ಇರಲಿಲ್ವಾ ನಿನಗೆ?"

"ಇತ್ತು. ಈಗಲೂ ಒಂದೊಂದು ದಿನ ಇರುತ್ತೆ. ಆದ್ರೆ ಅದಕ್ಕೆ ಒಬ್ಬ ಮುದುಕನ ಹೆಣ ಬೇಕಾ ನಂಗೆ? ನನ್ನನ್ನ ಏನಂತ ತಿಳ್ಕೊಂಡಿದ್ದೀಯ?"

"ಗಡಿಯಾರ ಮುಂದೆ ಓಡಿದ್ರೆ ಏನು ಮಾಡ್ತೀಯ?"

"ಏನು ಮಾಡೋದು? ಎಳೆದು ಸರಿಯಾದ ಜಾಗಕ್ಕೆ ಕೂರಿಸ್ತೀನಿ. ಅದಕ್ಕೇ ನಿನ್ನ ಗುರುಗಳ ಹತ್ರ ದಿನಾ ಬೈಸ್ಕೊಳ್ಳೋದು."

ಹಿಲ್ಲೆವಿ ಸಿಲ್ವಿಯಿಂದ ಆ ದಿನದ ಅಷ್ಟೂ ಧ್ವನಿಮುದ್ರಣ ಪಡೆದು, ಅಂಗೈಯಲ್ಲಿ ಗಡಿಯಾರ ಹಿಡಿದು, ಒಂದೊಂದನ್ನೂ ಕೊನೆತನಕ ಕೇಳಿದಳು. ಮುಗಿಸಿದಾಗ ಅವಳಿಗೆ ಅಳು ಬಂತು. ಅಳಲಿಲ್ಲ. ಮಿರ್ಯಾಗೆ ಫೋನ್ ಮಾಡಿದಳು.

ಸಿಲ್ವಿಯ ಕೋಣೆಯಲ್ಲಿ ತೈಮಿಯೊಬ್ಬಳನ್ನು ಬಿಟ್ಟು ಎಲ್ಲರೂ ಸೇರಿದರು. ಕಾಫಿ, ಏಲಕ್ಕಿ ಬನ್ನು ಮೇಜಿನ ಮೇಲಿದ್ದವು. ಹಿಲ್ಲೆವಿ ಆರ್ನೆಯ ಧ್ವನಿಮುದ್ರಣ ಹಾಕಿದಳು. ತೈಮಿಯ ದನಿ ಬಂದು ನಿಂತಾಗ ಮಿರ್ಯಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

"ಇಷ್ಟೇನಾ?" ಅಂದಳು. "ಅಪ್ಪ ಒಬ್ಬನೇ ಇದ್ದದ್ದು ಇಷ್ಟೇ ಹೊತ್ತಾ?"

"ಇಷ್ಟೇ," ಎಂದಳು ಹಿಲ್ಲೆವಿ.

ರೇಕೊ ಕನ್ನಡಕ ತೆಗೆದು ಒರೆಸಿದ. "ಯಂತ್ರ ಸಾಗುವಾಗ ಹೀಗಾಗಿರಬಹುದು. ದುರದೃಷ್ಟ. ಓಸ್ಮೊ, ನೀನೇನಾದರೂ..."

"ಓಸ್ಮೊನ ಹೆಸರು ತರಬೇಡಿ ಮೇಷ್ಟ್ರೇ. ಒಂದು ಪ್ರಶ್ನೆ. ಆರ್ನೆ ಸತ್ತ ಮಧ್ಯಾಹ್ನ ಗಡಿಯಾರ ಹತ್ತು ನಿಮಿಷ ಮುಂದೆ ಇತ್ತು. ರಾತ್ರಿ ಹೊತ್ತಿಗೆ ಸರಿಯಾಗಿತ್ತು. ಸರಿ ಮಾಡಿದ್ದು ಯಾರು?"

"ತಾನಾಗಿಯೇ ಆಗಿರಬಹುದು."

"ತಾನಾಗಿ ಆಗಲ್ಲ ಅಂತ ನನಗೆ ಹೇಳಿಕೊಟ್ಟೋರು ನೀವೇ. ಮುಂದೆ ಓಡಿದ ಗಡಿಯಾರ ಸರಿ ಮಾಡೋಕೆ ಎರಡು ದಾರಿ. ಒಂದು, ಹಿಡಿದು ಹಿಂದಕ್ಕೆ ಎಳೆಯೋದು. ಓಸ್ಮೊ ಮಾಡೋದು ಅದು. ಹಾಗೆ ಮಾಡಿದ್ರೆ ಆಮೇಲೆ ಬಂದ ಕರೆ ಮೊದಲು ಬಂದ ಹಾಗೆ ಕಾಣುತ್ತೆ, ಎಂಥಾ ದಡ್ಡನಿಗೂ ಗೊತ್ತಾಗುತ್ತೆ. ಇನ್ನೊಂದು ದಾರಿ, ಹಿಂದಕ್ಕೆ ತಿರುಗಿಸದೆ ಬರೀ ನಿಧಾನ ಮಾಡೋದು. ನಿಜವಾದ ಹೊತ್ತು ನಡೆದು ಬಂದು ಜೊತೆಗೂಡೋ ತನಕ. ಯಾರ ಕಣ್ಣಿಗೂ ಬೀಳಲ್ಲ."

ರೇಕೊ ಕಾಫಿ ಮುಟ್ಟಿರಲಿಲ್ಲ.

"ಅವತ್ತು ಆರ್ನೆಯ ನಂತರ ಬಂದ ಕರೆಗಳನ್ನೂ ಕೇಳಿದೆ. ಸಂಜೆ ತನಕ ಪ್ರತಿಯೊಂದೂ ಬರೆದ ಹೊತ್ತಿಗಿಂತ ಉದ್ದ. ಹನ್ನೊಂದು ನಿಮಿಷ ಅಂತ ಗುರುತಾಗಿರೋದು ಕೇಳಿದ್ರೆ ಹನ್ನೆರಡು. ಯಾರೋ ಯಂತ್ರದ ಗಡಿಯಾರವನ್ನ ಬೇಕಂತಲೇ ನಿಧಾನ ನಡೆಸಿದ್ದಾರೆ. ಈ ಕಟ್ಟಡದಲ್ಲಿ ಅಷ್ಟು ನಾಜೂಕಿನ ಕೈ ಒಂದೇ. ಯಾಕೆ ಸಾಗಿಸಿದ್ರಿ ಮೇಷ್ಟ್ರೇ?"

ರೇಕೊ ಕನ್ನಡಕವನ್ನು ಮೇಜಿನ ಮೇಲಿಟ್ಟ.

"ಆಡಳಿತ ಮಂಡಳಿಯವರು ಹೊಸ ಕಂಪ್ಯೂಟರ್ ನೋಡೋಕೆ ಬಂದಿದ್ದರು," ಎಂದ ರೇಕೊ. "ಒಂದು ಸಲ ಸಾಗಿಸಿ ತೋರಿಸು ಅಂದರು. ಅದರ ಗಡಿಯಾರ ನಾನು ನೋಡಿರಲಿಲ್ಲ. ಅರ್ಧ ಗಂಟೆಯಲ್ಲಿ ಗೊತ್ತಾಯಿತು, ಸರಿ ಮಾಡಿ ಗುರುತು ಅಳಿಸಿದೆ. ಮಾರನೇ ದಿನ ಮುದುಕ ಹೋದ ಸುದ್ದಿ ಬಂತು. ಹೇಗೂ ಸತ್ತಿದ್ದಾನೆ... ಬಾಯಿ ಬಿಟ್ಟರೆ ನನ್ನ ಮೂವತ್ತು ವರ್ಷದ ಹೆಸರು ಮಣ್ಣುಪಾಲು."

"ಅದಕ್ಕೆ ನನ್ನ ತಂಗಿ ಹೆಸರು ಮಣ್ಣುಪಾಲು ಮಾಡಿದ್ರಿ. ಎದುರು ಕೂತು, ಗಡಿಯಾರ ಸುಳ್ಳು ಅಂತ ಗೊತ್ತಿದ್ದೂ, ಅವಳ ಮುಖ ನೋಡ್ಕೊಂಡು ಆ ಹೊತ್ತು ಓದಿದ್ರಿ."

"ನಾನು ರಾಜೀನಾಮೆ ಬರೆದು ಕೊಡ್ತೀನಿ, ಹಿಲ್ಲೆವಿ."

"ಅದು ಸಿಲ್ವಿಗೆ ಕೊಡಿ. ನನಗೆ ಬೇಕಾದ್ದು ಬೇರೆ. ಈಗಲೇ ನಡೀರಿ. ಅವಳ ಎದುರು ನಿಂತು ಹೇಳಿ. ಒಂದು ಪದ ನುಂಗಿದ್ರೂ ಮತ್ತೆ ಮೊದಲಿಂದ ಹೇಳಿಸ್ತೀನಿ."

ಮಿರ್ಯಾ ಕೋಟು ಕೈಗೆತ್ತಿಕೊಂಡಳು. "ನಾನೂ ಬರ್ತೀನಿ. ಉಗಿದವಳು ನಾನು."

ತೈಮಿ ಬಾಗಿಲು ತೆರೆದಳು. ತಲೆ ಬಾಚಿರಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ರೇಕೊ ಎಲ್ಲವನ್ನೂ ಹೇಳಿದ; ತಡವರಿಸಿದ ಕಡೆ ಹಿಲ್ಲೆವಿ ಮತ್ತೆ ಹೇಳಿಸಿದಳು. ತೈಮಿ ಅವನ ಕಡೆ ನೋಡಲಿಲ್ಲ. ಅಕ್ಕನ ತೋಳು ಹಿಡಿದುಕೊಂಡು ಕೇಳಿದಳು:

"ಹಾಗಾದ್ರೆ ನಾನು ನಿದ್ದೆ ಮಾಡಿರಲಿಲ್ವಾ?"

"ಇಲ್ಲ ಪುಟ್ಟಿ. ಎಚ್ಚರವಾಗೇ ಇದ್ದೆ."

"ಅಪ್ಪ ಕೊನೇಲಿ ಕೇಳಿದ್ದು ನಿನ್ನ ದನಿ," ಎಂದಳು ಮಿರ್ಯಾ.

ತೈಮಿ ಕಾಫಿಗೆ ನೀರಿಟ್ಟಳು. ಮಿರ್ಯಾಗೆ ಕುರ್ಚಿ ಎಳೆದುಕೊಟ್ಟಳು. ರೇಕೊ ಟೋಪಿ ಕೈಯಲ್ಲಿ ಹಿಡಿದು, ಕರೆದಾರೆಂದು ಕಾದು, ಅಲ್ಲೇ ನಿಂತಿದ್ದ. ಬದ್ಧ ವೈರಿಗೂ ಒಂದು ಕಪ್ ಕಾಫಿ ಕೊಡದೆ ಕಳಿಸುವ ಮನೆ ಆ ಊರಿನಲ್ಲಿ ಇರಲಿಲ್ಲ.

ತೈಮಿ ಮೇಜಿನ ಮೇಲೆ ಮೂರೇ ಕಪ್ ಇಟ್ಟು, ಕಪಾಟಿನ ಬಾಗಿಲು ಮುಚ್ಚಿದಳು.